ಕುರ್ಚಿ ಬಿಟ್ಟುಕೊಟ್ಟ ಭಾಷಾಶಿಲ್ಪಿ: ಪೈಥಾನ್ ರೂವಾರಿ ಗೀಡೊ ವಾನ್ ರಾಸಮ್

ಸಂಸ್ಥೆಯೊಂದನ್ನು ಹುಟ್ಟುಹಾಕುವುದು ಕಷ್ಟ. ಅದನ್ನು ಬೆಳೆಸುವುದು ಇನ್ನೂ ಕಷ್ಟ. ಬೆಳೆದ ಮೇಲೆ ಇತರರ ಕೈಗೊಪ್ಪಿಸಿ ಹಿಂದೆ ಸರಿಯುವುದು ಎಲ್ಲಕ್ಕಿಂತ ಕಷ್ಟ. ಸಂಘ-ಸಂಸ್ಥೆಗಳಲ್ಲಿ ದುಡಿದವರಿಗೆ ಇದು ಹೊಸ ಮಾತೇನಲ್ಲ. ಆದರೆ ಕಂಪ್ಯೂಟರ್ ಭಾಷೆಯೊಂದರ ಬಾಳಿನಲ್ಲೂ ಇದೇ ನಡೆದಿದೆ ಎಂದರೆ ಅಚ್ಚರಿಯಾದೀತು. ಸಿಬಿಎಸ್‌ಇ ಪಠ್ಯಕ್ರಮದ 11 ಮತ್ತು 12ನೇ ತರಗತಿಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ನಮ್ಮ ಮಕ್ಕಳು ಕಲಿಯುತ್ತಿರುವ ಪೈಥಾನ್ ಭಾಷೆಯ ಹಿಂದೆ ಅಂಥದೊಂದು ಕಥೆಯಿದೆ.

ಸೋತ ಭಾಷೆ ಕಲಿಸಿದ ಪಾಠ

ಪೈಥಾನ್ ರೂಪಿಸಿದ ಗೀಡೊ ವಾನ್ ರಾಸಮ್ ಅವರು 1956ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನಿಸಿದರು. 1982ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಪಡೆದು, ಅದೇ ನಗರದ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಗಣಕ ವಿಜ್ಞಾನ ಸಂಶೋಧನಾ ಕೇಂದ್ರವನ್ನು ಸೇರಿದರು. ಅಲ್ಲಿ ಲ್ಯಾಂಬರ್ಟ್ ಮೀರ್ಟೆನ್ಸ್ ಮತ್ತಿತರರೊಂದಿಗೆ 'ಎಬಿಸಿ' ಎಂಬ ಭಾಷೆಯ ಕೆಲಸದಲ್ಲಿ ತೊಡಗಿದರು. ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಸುಲಭವಾಗಿ ಕಲಿಯುವಂತಿರಬೇಕು ಎಂಬುದು ಆ ಭಾಷೆಯ ಆಶಯವಾಗಿತ್ತು.

'ಸಿ' ಮುಂತಾದ ಭಾಷೆಗಳಲ್ಲಿ ಯಾವ ಸಾಲುಗಳು ಒಂದು ಗುಂಪಿಗೆ ಸೇರಿದವು ಎಂಬುದನ್ನು ಪುಷ್ಪಾವರಣ ಚಿಹ್ನೆಗಳಿಂದ ತಿಳಿಸಬೇಕು. ಎಬಿಸಿಯಲ್ಲಿ ಆ ಸಾಲುಗಳನ್ನು ಸ್ವಲ್ಪ ಒಳಕ್ಕೆ ಸರಿಸಿ ಬರೆದರೆ ಸಾಕಿತ್ತು. ಓದುವ ಕಣ್ಣಿಗೆ ಕಾಣುವುದೇ ಯಂತ್ರಕ್ಕೂ ಅರ್ಥವಾಗುತ್ತಿತ್ತು. ಇಷ್ಟು ಚೆಂದವಿದ್ದರೂ ಎಬಿಸಿ ಹೆಚ್ಚು ಜನರನ್ನು ತಲುಪಲಿಲ್ಲ. ಬಳಸುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ಅದಕ್ಕೆ ಏನನ್ನಾದರೂ ಸೇರಿಸುವುದು ಕಷ್ಟವಾಗಿತ್ತು. ಮನೆ ಸುಂದರವಾಗಿತ್ತು, ಬಾಗಿಲು ಮಾತ್ರ ಮುಚ್ಚಿತ್ತು.

ರಜೆಯಲ್ಲಿ ಹುಟ್ಟಿದ ಭಾಷೆ

1989ರ ಡಿಸೆಂಬರ್. ಕ್ರಿಸ್‌ಮಸ್ ರಜೆಗಾಗಿ ಕಚೇರಿ ಮುಚ್ಚಿದ್ದಾಗ ಹೊತ್ತು ಕಳೆಯಲೆಂದು ಗೀಡೊ ಅವರು ಮನೆಯ ಕಂಪ್ಯೂಟರಿನಲ್ಲಿ ಹೊಸ ಭಾಷೆಯೊಂದನ್ನು ಬರೆಯತೊಡಗಿದರು. ಟಿವಿಯ ಹಾಸ್ಯ ತಂಡ 'ಮಾಂಟಿ ಪೈಥಾನ್' ಅವರಿಗೆ ಅಚ್ಚುಮೆಚ್ಚು. ಭಾಷೆಗೆ ಪೈಥಾನ್ ಎಂಬ ಹೆಸರು ಬಂದದ್ದು ಅದರಿಂದಲೇ ಹೊರತು ಹೆಬ್ಬಾವಿನಿಂದಲ್ಲ.

ಸಾಲು ಒಳಸರಿಸುವ ಪದ್ಧತಿಯನ್ನು ಎಬಿಸಿಯಿಂದಲೂ, ತಪ್ಪು ಸಂಭವಿಸಿದಾಗ ನಿಭಾಯಿಸುವ ಕ್ರಮವನ್ನು ಮಾಡ್ಯುಲಾ-3 ಭಾಷೆಯಿಂದಲೂ ಅವರು ಪಡೆದರು. ಮುಂದೆ ಲಿಸ್ಪ್, ಹ್ಯಾಸ್ಕೆಲ್ ಭಾಷೆಗಳ ಕಲ್ಪನೆಗಳೂ ಬಂದು ಸೇರಿದವು. ಎಲ್ಲಕ್ಕಿಂತ ಮುಖ್ಯವಾಗಿ, ಎಬಿಸಿಯಲ್ಲಿ ಮುಚ್ಚಿದ್ದ ಬಾಗಿಲನ್ನು ತೆರೆದಿಟ್ಟರು. ಮೂಲ ಭಾಷೆ ಚಿಕ್ಕದು; ಬೇಕಾದುದನ್ನು ಯಾರು ಬೇಕಾದರೂ ಬರೆದು ಜೋಡಿಸಬಹುದು. 1991ರ ಫೆಬ್ರವರಿಯಲ್ಲಿ ಪೈಥಾನ್ ಸಾರ್ವಜನಿಕರ ಕೈ ಸೇರಿತು.

ತಪ್ಪು ತಿದ್ದಲು ತೆತ್ತ ಬೆಲೆ

ಆರಂಭದ ವಿನ್ಯಾಸದಲ್ಲಿ ಕೆಲವು ಲೋಪಗಳಿದ್ದವು. ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧದ ಬದಲು ಸೊನ್ನೆ ಬರುತ್ತಿತ್ತು. ಕನ್ನಡಿಗರಿಗೆ ಹತ್ತಿರವಾದ ಉದಾಹರಣೆಯೂ ಇದೆ. 'ಕನ್ನಡ' ಎಂಬ ಪದವನ್ನು ಯುಟಿಎಫ್-8 ವಿಧಾನದಲ್ಲಿ ಹಾಗೆಯೇ ಬರೆದು ಉದ್ದ ಕೇಳಿದರೆ ಹಳೆಯ ಪೈಥಾನ್ 15 ಎನ್ನುತ್ತಿತ್ತು. ಅದು ಎಣಿಸುತ್ತಿದ್ದುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಪ್ರತ್ಯೇಕ ಯುನಿಕೋಡ್ ಸೌಲಭ್ಯವಿತ್ತಾದರೂ ಅದನ್ನು ಬೇರೆ ಗುರುತು ಹಾಕಿಯೇ ಬಳಸಬೇಕಿತ್ತು.

2008ರ ಡಿಸೆಂಬರ್ 3ರಂದು ಬಂದ ಪೈಥಾನ್ 3.0 ಇವುಗಳನ್ನು ತಿದ್ದಿತು. ಈಗ ಅದೇ ಪದದ ಉದ್ದ 5. ಕ, ನ, ವಿರಾಮ ಚಿಹ್ನೆಯಾದ ಹಲಂತ, ಮತ್ತೆ ನ, ಡ ಎಂಬುದು ಅದರ ಲೆಕ್ಕ. ನಮ್ಮ ಮೂರಕ್ಷರದ ಎಣಿಕೆಗೆ ಇನ್ನೂ ತಾಳೆಯಾಗದಿದ್ದರೂ ದಾರಿ ಸರಿಯಾಯಿತು. 'ಬೆಲೆ', 'ಮೊತ್ತ' ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಬರೆಯಲೂ ಹೊಸ ಪೈಥಾನ್ ಅವಕಾಶ ಕೊಟ್ಟಿತು.

ಆದರೆ ಹಳೆಯ ಪ್ರೋಗ್ರಾಮ್‌ಗಳು ಅನೇಕ ಕಡೆ ಹೊಸದರಲ್ಲಿ ಓಡಲಿಲ್ಲ. ತಿದ್ದಿ ಬರೆಯುವ ಹೊರೆ ಬಳಕೆದಾರರ ಮೇಲೆ ಬಿತ್ತು. 2015ಕ್ಕೆ ಹಳೆಯ ಪೈಥಾನ್ 2ಕ್ಕೆ ವಿದಾಯ ಹೇಳುವ ಯೋಜನೆಯಿದ್ದರೂ, ಕೊನೆಗೆ ಅದರ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಭಾಷೆಯೊಂದು ಜನರ ಕೈ ಸೇರಿದ ಮೇಲೆ ಅದನ್ನು ಹುಟ್ಟಿಸಿದವರಿಗೂ ತಿದ್ದುವುದು ಸುಲಭವಲ್ಲ ಎಂಬುದನ್ನು ಈ ಹನ್ನೊಂದು ವರ್ಷಗಳು ತೋರಿಸಿಕೊಟ್ಟವು.

ಆಜೀವ ಅಧಿಕಾರದಿಂದ ಸಾಮಾನ್ಯ ಸದಸ್ಯರಾಗಿ

1995ರಲ್ಲಿ ಒಡನಾಡಿಗಳು ಗೀಡೊ ಅವರಿಗೆ 'ದಯಾಳು ಆಜೀವ ಸರ್ವಾಧಿಕಾರಿ' ಎಂಬ ಬಿರುದನ್ನು ತಮಾಷೆಗೆ ಕೊಟ್ಟಿದ್ದರು. ತಮಾಷೆಯಾದರೂ ಮಾತು ನಿಜವೇ ಆಗಿತ್ತು. ಭಾಷೆಗೆ ಏನು ಸೇರಬೇಕು, ಏನು ಬೇಡ ಎಂಬ ವಿಚಾರದಲ್ಲಿ ಅವರ ತೀರ್ಮಾನವೇ ಅಂತಿಮ.

2018ರಲ್ಲಿ ಒಂದು ಚಿಕ್ಕ ಚಿಹ್ನೆಯ ವಿಷಯದಲ್ಲಿ ತೀವ್ರ ವಾದವಿವಾದ ನಡೆಯಿತು. ಲೆಕ್ಕದ ನಡುವೆಯೇ ಉತ್ತರಕ್ಕೊಂದು ಹೆಸರಿಡುವ ಸೌಲಭ್ಯವದು. ಪ್ರಸ್ತಾಪಕ್ಕೆ ಒಪ್ಪಿಗೆಯೇನೋ ಕೊಟ್ಟರು. ಆದರೆ ಜಗ್ಗಾಟದಿಂದ ಬೇಸತ್ತ ಗೀಡೊ ಅವರು ಜುಲೈ 12ರಂದು ಅಧಿಕಾರದಿಂದ ಕೆಳಗಿಳಿದರು. ಉತ್ತರಾಧಿಕಾರಿಯನ್ನು ತಾವು ನೇಮಿಸುವುದಿಲ್ಲ, ಮುಂದಿನ ವ್ಯವಸ್ಥೆಯನ್ನು ನೀವೇ ಮಾಡಿಕೊಳ್ಳಿ ಎಂದು ಒಡನಾಡಿಗಳಿಗೆ ಬಿಟ್ಟುಕೊಟ್ಟರು. ಅದರಂತೆ ಚರ್ಚೆ, ಮತದಾನ ನಡೆದು ಐವರು ಚುನಾಯಿತ ಸದಸ್ಯರ ಮಂಡಳಿ 2019ರಲ್ಲಿ ಅಸ್ತಿತ್ವಕ್ಕೆ ಬಂತು. ಮೊದಲ ಮಂಡಳಿಯಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು. ಮರುವರ್ಷದ ಮಂಡಳಿಗೆ ಉಮೇದುವಾರಿಕೆ ಹಿಂಪಡೆದರು.

ಅಷ್ಟಕ್ಕೇ ಅವರು ದೂರ ಸರಿಯಲಿಲ್ಲ ಎಂಬುದು ಗಮನಾರ್ಹ. ಮಾಹಿತಿಯ ರಚನೆಯನ್ನು ನೋಡಿ ಮುಂದಿನ ಕೆಲಸ ಆರಿಸುವ ಹೊಸ ಸೌಲಭ್ಯವೊಂದನ್ನು 2020ರಲ್ಲಿ ಇತರರೊಡನೆ ಸೇರಿ ಪ್ರಸ್ತಾಪಿಸಿದರು. ಟೀಕೆಗಳು ಬಂದಾಗ ಅವರೆಲ್ಲ ಸೇರಿ ಕರಡನ್ನು ಮರಳಿ ಬರೆದರು. ಮಂಡಳಿಯ ಮುಂದೆ ಎಲ್ಲರಂತೆ ಕಾದರು. 2021ರ ಫೆಬ್ರವರಿಯಲ್ಲಿ ಒಪ್ಪಿಗೆ ದೊರೆತು, ಅಕ್ಟೋಬರ್‌ನ 3.10 ಆವೃತ್ತಿಯಲ್ಲಿ ಅದು ಬಳಕೆಗೆ ಬಂತು.

ತಾನೇ ಕಟ್ಟಿದ ಮನೆಯಲ್ಲಿ ಅರ್ಜಿ ಹಿಡಿದು ನಿಲ್ಲಲು ದೊಡ್ಡ ಮನಸ್ಸು ಬೇಕು. ಎಬಿಸಿಯ ಮುಚ್ಚಿದ ಬಾಗಿಲಿನಿಂದ ಪಾಠ ಕಲಿತವರು ತಮ್ಮ ಕುರ್ಚಿಯ ವಿಷಯದಲ್ಲೂ ಅದನ್ನು ಮರೆಯಲಿಲ್ಲ. ಕಟ್ಟಿದವರು ಬದಿಗೆ ಸರಿದ ಮೇಲೂ ಪೈಥಾನ್ ಬೆಳೆಯುತ್ತಲೇ ಇದೆ.