ಭಾರ ಹೊರಬೇಕಾದದ್ದು ಹೆಗಲಲ್ಲ

ದೀಪಾವಳಿಗೆಂದು ರಾಯಬಾಗದಿಂದ ಬಂದಿದ್ದ ವೈನಿ ಮಧ್ಯಾಹ್ನ ಊಟವಾದ ಮೇಲೆ ಒಳಗಿನ ಕೋಣೆಗೆ ಕರೆದು ಸೆರಗು ಸರಿಸಿ ಹೆಗಲು ತೋರಿಸಿದರು. ಎರಡೂ ಕಡೆ ಒಂದೊಂದು ತೋಡು. ಕಿರುಬೆರಳು ಇಟ್ಟರೆ ಅರ್ಧ ಮುಚ್ಚಿಹೋಗುವಷ್ಟು ಆಳ, ಅಲ್ಲಿನ ಚರ್ಮ ಕಪ್ಪಾಗಿ ಒರಟಾಗಿದೆ. "ಬಾಡಿ ಪಟ್ಟಿ ಮಾಡಿದ್ದ ನೋಡವಾ ಇದು. ಕುತಗಿ ಹಿಡದ ಮೂರ ವರ್ಷ ಆತು. ದಪ್ಪ ಇದ್ದವರ ಹಣೇಬರಾನ ಇಷ್ಟ."

"ಹಣೇಬರಾ ಅಲ್ಲರಿ ವೈನಿ, ಅಳತಿ ತಪ್ಪೇತಿ" ಅಂದೆ. ಅವರು ನಂಬಲಿಲ್ಲ. ಇದನ್ನು ಬರೆಯಲು ಕೂತದ್ದೇ ಆ ನಂಬದ ಮುಖ ನೆನಪಾಗಿ. ಚಿಕ್ಕೋಡಿ, ಅಥಣಿ, ಕಾಗವಾಡದ ಕಡೆ ಕಬ್ಬಿನ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವ, ನಿಪ್ಪಾಣಿಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಬೀಡಿ ಕಟ್ಟುವ ಎಷ್ಟೋ ಹೆಂಗಸರು ಇದೇ ತೋಡುಗಳನ್ನು ಹೊತ್ತುಕೊಂಡು, ಅದು ತಮ್ಮ ಮೈಯದೇ ತಪ್ಪು ಎಂದುಕೊಂಡಿದ್ದಾರೆ.

ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯು ಇಲ್ಲ. ಎದೆಯ ಸ್ನಾಯು ಇರುವುದು ಅದರ ಹಿಂದೆ. ಒಳಗಿರುವುದು ಕೊಬ್ಬು, ಹಾಲಿನ ಗ್ರಂಥಿ, ನಾಳಗಳು, ಮತ್ತು ಇವುಗಳ ನಡುವೆ ಬಲೆಯಂತೆ ಹಬ್ಬಿದ ತೆಳ್ಳನೆಯ ಎಳೆಗಳು. 1840ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಸ್ತನದ ರಚನೆಯ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇವನ್ನು ವಿವರಿಸಿದ್ದರಿಂದ ಇವತ್ತಿಗೂ ಇವಕ್ಕೆ ಕೂಪರನ ಹೆಸರೇ ಇದೆ. ಈ ಎಳೆಗಳು ಮತ್ತು ಮೇಲಿನ ಚರ್ಮ, ಇವೆರಡೇ ದೇಹ ಕೊಟ್ಟ ಆಸರೆ. ತೂಕ ಮಾತ್ರ ಕಡಿಮೆಯದಲ್ಲ. ಕೊಬ್ಬು ನೀರಿಗಿಂತ ತುಸು ಹಗುರ, ಗ್ರಂಥಿ ತುಸು ಭಾರ. ಹಾಗಾಗಿ ಒಂದು ಲೀಟರ್ ಗಾತ್ರದ ಸ್ತನ ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಮೈ ತುಂಬಿದ ಹೆಂಗಸು ಎರಡೂ ಸೇರಿ ಎರಡು ಕಿಲೋ ಹೊತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಆ ಎರಡು ಕಿಲೋ ಸುಮ್ಮನೆ ಕೂತಿರುವುದೂ ಇಲ್ಲ. ನಡೆಯುವಾಗ ಸ್ತನ ಮೇಲೆ ಕೆಳಗೆ ಮಾತ್ರ ಆಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಮೆರಾ ಇಟ್ಟು ಅಳೆದು ನೋಡಿದ್ದಾರೆ: ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ ಮೂರೂ ಕಡೆ ಚಲಿಸುತ್ತ ಅದು 8ರ ಅಂಕಿ ಬರೆದಂತೆ ಸುತ್ತುತ್ತದೆ. ಬಸ್ಸಿನ ಮೆಟ್ಟಿಲಿಂದ ಧಪ್ಪನೆ ಇಳಿದಾಗ ಮೈ ನಿಲ್ಲುತ್ತದೆ, ಎದೆಯ ಭಾರ ಇನ್ನೂ ಇಳಿಯುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸುವಾಗ ಬೀಳುವ ಎಳೆತ ಅದರ ತೂಕಕ್ಕಿಂತ ಹೆಚ್ಚು. ಒಳಗಿನ ಎಳೆಗಳು ನೋಯುವುದು ಆಗಲೇ.

ಈ ಭಾರವನ್ನು ಯಾರು ಹೊರಬೇಕು ಎಂಬುದೇ ಬ್ರಾ ಎಂಬ ಯಂತ್ರದ ಮುಖ್ಯ ಪ್ರಶ್ನೆ. ಯಂತ್ರ ಎಂದು ಬೇಕೆಂದೇ ಕರೆಯುತ್ತಿದ್ದೇನೆ. ಹೆಗಲ ಪಟ್ಟಿ ಹೊರುತ್ತದೆ ಎಂದು ಬಹುತೇಕರು ಹೇಳುತ್ತಾರೆ. ಹೆಗಲ ಪಟ್ಟಿಯ ಕೆಲಸ ಕಪ್ಪನ್ನು ಮೈಗೆ ಒತ್ತಿಹಿಡಿಯುವುದಷ್ಟೇ. ಭಾರದ ದೊಡ್ಡ ಪಾಲು ಹೊರಬೇಕಾದದ್ದು ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಕೂರುವ ಅಗಲ ಪಟ್ಟಿ. ಅದು ಸಡಿಲಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾವಿಯ ರಾಟೆ ನೆನಪಿಸಿಕೊಳ್ಳಿ. ಹೆಗಲೇ ರಾಟೆ, ಪಟ್ಟಿಯೇ ಹಗ್ಗ. ಮುಂದೆ ಕೊಡ ಕೆಳಗಿಳಿದಂತೆ ಹಿಂದೆ ಹಗ್ಗದ ತುದಿ ಮೇಲೇರುತ್ತದೆ. ಬೆನ್ನಲ್ಲಿ ಕೊಂಡಿ ಹಾಕುವ ಜಾಗ ಬೆಳಿಗ್ಗೆ ಕೆಳಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೇಲೆ ಸರಿದು ಕಮಾನಾಗಿದ್ದರೆ, ಭಾರವೆಲ್ಲ ಹೆಗಲಿಗೆ ಬಿದ್ದಿದೆ ಎಂದೇ ಅರ್ಥ. ವೈನಿಯವರದು ಹಾಗೇ ಆಗಿತ್ತು. ಮೇಲೇರಿದಷ್ಟೂ ಅವರು ಹೆಗಲ ಪಟ್ಟಿಯನ್ನೇ ಇನ್ನಷ್ಟು ಬಿಗಿ ಮಾಡುತ್ತಿದ್ದರು. ಬಿಗಿ ಮಾಡಿದಷ್ಟೂ ಹಿಂಬದಿ ಮತ್ತೆ ಮೇಲೇರುತ್ತಿತ್ತು.

ಹೆಗಲಿಗೆ ಬಿದ್ದ ಭಾರ ಅಷ್ಟು ನೋಯಿಸುವುದು ಪಟ್ಟಿ ಕಿರಿದಾಗಿರುವುದರಿಂದ. ತುಂಬಿದ ಕೊಡವನ್ನು ಬರಿತಲೆಯ ಮೇಲೆ ಇಟ್ಟು ಹತ್ತು ಹೆಜ್ಜೆ ನಡೆಯಲಾರದವರು ಸಿಂಬಿ ಇಟ್ಟುಕೊಂಡರೆ ಮನೆ ಮುಟ್ಟುತ್ತಾರೆ. ಕೊಡದ ತೂಕ ಅಷ್ಟೇ ಇದೆ, ಹರಡುವ ಜಾಗ ಹೆಚ್ಚಿದೆ. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯ ಬದಲು ಎರಡು ಸೆಂಟಿಮೀಟರ್ ಅಗಲದ್ದು ತೊಟ್ಟರೆ ಅದೇ ಭಾರದ ಒತ್ತಡ ಅರ್ಧಕ್ಕೆ ಇಳಿಯುತ್ತದೆ.

ನನ್ನನ್ನು ಬಹಳ ದಿನ ಕಾಡಿದ ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಆಯಿಗೆ ಹೆಗಲ ಮೇಲೆ ಈ ತೋಡುಗಳಿರಲಿಲ್ಲ. ಆಕೆಯೂ ಮೈ ತುಂಬಿದ ಹೆಂಗಸೇ. ಆಕೆ ತೊಡುತ್ತಿದ್ದದ್ದು ಗುಳೇದಗುಡ್ಡದ ಖಣದ ಕುಬಸ. ಬೆಳಿಗ್ಗೆ ಜಳಕವಾದ ಮೇಲೆ ಮುಂದಿನ ಎರಡು ತುದಿಗಳನ್ನು ಎಳೆದು, ಉಸಿರು ಬಿಟ್ಟು, ಎದೆಯ ಕೆಳಗೆ ಗಂಟು ಹಾಕುತ್ತಿದ್ದಳು. ಗಂಟು ಬೀಳುತ್ತಿದ್ದದ್ದು ಸರಿಯಾಗಿ ಪಕ್ಕೆಲುಬಿನ ಮಟ್ಟದಲ್ಲಿ. ಭಾರ ಕೆಳಗಿನಿಂದಲೇ ನಿಲ್ಲುತ್ತಿತ್ತು. ಬಾಣಂತಿಯಾದಾಗ ತುಸು ಸಡಿಲು, ಹೊಲಕ್ಕೆ ಹೋಗುವಾಗ ತುಸು ಬಿಗಿ. ಅಳತೆ ದಿನಾ ಹೊಸದು. ಕುಬಸದಲ್ಲಿ ಇಲಾಸ್ಟಿಕ್ ಇಲ್ಲ, ಓಡುವ ಹುಡುಗಿಗೆ ಅದು ಸಾಲದು, ನಿಜ. ಆದರೆ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಅಮೆರಿಕದ ತರುಣಿ ಎರಡು ಕರವಸ್ತ್ರ, ಒಂದು ರಿಬ್ಬನ್ ಸೇರಿಸಿ ಹೊಲಿದ ಬ್ರಾಗೆ 1914ರಲ್ಲಿ ಪೇಟೆಂಟ್ ಪಡೆದದ್ದನ್ನು ಓದುವಾಗೆಲ್ಲ, ಪೇಟೆಂಟಿನ ಹೆಸರೂ ಕೇಳದ ಆಯಿಯ ಬೆರಳುಗಳಿಗೆ ಗೊತ್ತಿದ್ದ ವಿಜ್ಞಾನದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಇನ್ನು ಕಪ್ಪಿನ ಮಾತು. ಬಿಸಿ ಜೋಳದ ರೊಟ್ಟಿಯೊಂದನ್ನು ಬೋರಲು ಹಾಕಿದ ತಂಬಿಗೆಯ ಮೇಲೆ ಹೊದಿಸಿ ನೋಡಿ. ಅಂಚಿನಲ್ಲಿ ಮಡಿಕೆ ಬೀಳುತ್ತದೆ, ಇಲ್ಲವೇ ಹರಿಯುತ್ತದೆ. ಚಪ್ಪಟೆಯಾದದ್ದು ಗೋಲದ ಮೇಲೆ ಹಾಗೇ ಕೂರುವುದಿಲ್ಲ. ಅದಕ್ಕೇ ಜಂಪರ್ ಹೊಲಿಯುವವರು ಟಕ್ಸ್ ಹಿಡಿಯುತ್ತಾರೆ, ತುಂಬು ಮೈಯವರಿಗೆ ಕಟೋರಿ ಕತ್ತರಿಸುತ್ತಾರೆ. ಕಟೋರಿ ಎಂದರೆ ಬಟ್ಟಲು, ಕಪ್ಪು ಎಂದರೂ ಅದೇ. ಎರಡು ಮೂರು ತುಂಡು ಬಟ್ಟೆ ಜೋಡಿಸಿ ಹೊಲಿದ ಕಪ್ಪಿನಲ್ಲಿ ಹೊಲಿಗೆಯ ಗೆರೆಗಳೇ ತೊಲೆಗಳಂತೆ ನಿಂತು ಭಾರ ತಡೆಯುತ್ತವೆ. ಅಂಗಡಿಯಲ್ಲಿ ನೋಡಲು ನುಣುಪಾಗಿ ಕಾಣುವ, ಅಚ್ಚಿನಲ್ಲಿ ಒತ್ತಿದ ಸ್ಪಂಜಿನ ಕಪ್ಪು ಭಾರದ ಸ್ತನಕ್ಕೆ ಹೊಂದುವುದು ಅಪರೂಪ. ಹೊಲಿಗೆ ಇರುವುದನ್ನೇ ಆರಿಸಿ ಎಂದು ನಾನು ಹೇಳುತ್ತೇನೆ, ಹೊರಗೆ ಗೆರೆ ಕಂಡರೂ ಸರಿ.

ಅಂದು ಮಧ್ಯಾಹ್ನವೇ ಟೇಪು ತಂದೆ. ವೈನಿ ಉಸಿರು ಬಿಟ್ಟಾಗ ಎದೆಯ ಕೆಳಗೆ, ನೆಲಕ್ಕೆ ಸಮವಾಗಿ ಬಿಗಿಯಾಗಿ ಹಿಡಿದರೆ 36 ಇಂಚು. ಆಮೇಲೆ ಸೊಂಟದಿಂದ ಮುಂದಕ್ಕೆ ಬಗ್ಗಿಸಿ, ಎದೆಯ ಎತ್ತರದ ಭಾಗದ ಸುತ್ತ ಬಿಗಿಯದೆ ಹಿಡಿದರೆ 42. ವ್ಯತ್ಯಾಸ ಆರು ಇಂಚು. ಒಂದಿಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ಅಲ್ಲಿಂದ ಮುಂದೆ ಕಂಪನಿಗೊಂದು ಹೆಸರು. ಬ್ರಿಟಿಷ್ ಲೆಕ್ಕದಲ್ಲಿ ಐದಕ್ಕೆ ಡಿಡಿ, ಆರಕ್ಕೆ ಇ. ಅಂದರೆ ವೈನಿಗೆ ಬೇಕಾದದ್ದು 36 ಇ. ಅವರು ಹತ್ತು ವರ್ಷದಿಂದ ತೊಡುತ್ತಿದ್ದದ್ದು 42 ಬಿ.

ಈ 42 ಬಂದದ್ದು ಹೇಗೆ? ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತವನು ಕಣ್ಣಲ್ಲೇ ಅಳೆದು ಒಂದು ಡಬ್ಬಿ ಮುಂದಿಟ್ಟಿದ್ದ. ಪಕ್ಕದಲ್ಲಿ ಊರಿನ ಗಂಡಸರು ನಿಂತಿದ್ದರು. ಇವರು ತಲೆ ಎತ್ತದೆ ಅದನ್ನೇ ಚೀಲಕ್ಕೆ ಹಾಕಿಕೊಂಡು ಬಂದರು. ತೊಟ್ಟು ನೋಡುವ ಕೋಣೆಯೂ ಇಲ್ಲ, ಬದಲಿಸಿ ಕೊಡುವ ಮಾತೂ ಇಲ್ಲ. ಅಥಣಿಯ ಕಡೆಯ ಚಪ್ಪಲಿ ಹೊಲಿಯುವವರು ಪಾದದ ಅಳತೆಗೆ ತಕ್ಕಂತೆ ಚರ್ಮ ಕತ್ತರಿಸುತ್ತಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿದೆ. ಕಾಲಿಗೆ ಇಷ್ಟು ಮರ್ಯಾದೆ ಕೊಡುವ ನಾಡಿನಲ್ಲಿ ಎದೆಗೆ ಮಾತ್ರ ಸಿಕ್ಕಿದ್ದು ತೊಡುವುದು ಎಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

36 ಇ ನಮ್ಮ ಕಡೆ ಸುಲಭಕ್ಕೆ ಸಿಗದು. ಆಗ ಒಂದು ಉಪಾಯ ಇದೆ. ಸುತ್ತಳತೆ ಎರಡಿಂಚು ಹೆಚ್ಚಿಸಿ ಕಪ್ಪನ್ನು ಒಂದು ಮೆಟ್ಟಿಲು ಇಳಿಸಿದರೆ ಒಳಗಿನ ಜಾಗ ಅಷ್ಟೇ ಉಳಿಯುತ್ತದೆ. 36 ಇ, 38 ಡಿಡಿ, 40 ಡಿ ಮೂರೂ ಒಂದೇ ಗಾತ್ರದ ಬಟ್ಟಲುಗಳು. ಆದರೆ ಪ್ರತಿ ಮೆಟ್ಟಿಲಿಗೂ ಕೆಳಪಟ್ಟಿ ಸಡಿಲಾಗುತ್ತದೆ, ಹಾಗಾಗಿ ಒಂದಕ್ಕಿಂತ ಹೆಚ್ಚು ಇಳಿಯಬಾರದು. ಕೊಲ್ಹಾಪುರಕ್ಕೆ ಹೋದಾಗ 38 ಡಿಡಿ ಹುಡುಕಿ ತಂದೆವು: ಹಿಂದೆ ಮೂರು ಕೊಂಡಿ, ಕಂಕುಳ ಕೆಳಗೆ ಅಗಲವಾದ ಬದಿ, ತಂತಿ ಇಲ್ಲದ್ದು. ತಂತಿ ಕೆಟ್ಟದ್ದೇನಲ್ಲ. ಸ್ತನದ ಕೆಳಗಿನ ಮಡಿಕೆಯಲ್ಲಿ ಸರಿಯಾಗಿ ಕೂತರೆ ಅದು ಚುಚ್ಚುವುದಿಲ್ಲ. ಬಗ್ಗಿ ಏಳುವ ಕೆಲಸದವರಿಗೆ ಇಲ್ಲದ್ದೇ ಹಿತ. ಹೊಸದನ್ನು ಯಾವಾಗಲೂ ಹೊರಗಿನ ಸಾಲಿನ ಕೊಂಡಿಗೆ ಹಾಕಬೇಕು, ಇಲಾಸ್ಟಿಕ್ ಹಿಗ್ಗಿದಂತೆ ಒಳಸಾಲಿಗೆ ಬರಬೇಕು. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು.

ಇಲಾಸ್ಟಿಕ್ ಬಾಳಿಕೆಯ ಹಿಂದೆಯೂ ಒಂದು ಮಾತಿದೆ. ಅದರ ಎಳೆಗಳು ಬಹುಪಾಲು 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಲೈಕ್ರಾದ ಜಾತಿಯವು. ಕಾದ ನೀರು, ಒಗೆಯುವ ಕಲ್ಲಿನ ಹೊಡೆತ, ಚುರುಗುಟ್ಟುವ ಬಿಸಿಲು ಮೂರೂ ಅವಕ್ಕೆ ಆಗವು. ಆದರೆ ನಮ್ಮ ಮನೆಗಳಲ್ಲಿ ಬಾಡಿ ಬಿಸಿಲನ್ನೇ ಕಾಣುವುದಿಲ್ಲವಲ್ಲ! ಬಚ್ಚಲ ಮೂಲೆಯಲ್ಲಿ, ಸೀರೆಯ ಕೆಳಗೆ, ಮಾವನವರ ಕಣ್ಣಿಗೆ ಬೀಳದಂತೆ ಒಣಗಬೇಕು. ಒಣಗುವುದಿಲ್ಲ. ಮರುದಿನ ಅರೆಹಸಿಯದನ್ನೇ ತೊಟ್ಟು ಹೊಲಕ್ಕೆ ನಡೆದರೆ, ಏಪ್ರಿಲ್ ಸೆಕೆಯಲ್ಲಿ ಸ್ತನದ ಕೆಳಗಿನ ಮಡಿಕೆ ಬೆವರಿ, ಚರ್ಮಕ್ಕೆ ಚರ್ಮ ತಿಕ್ಕಿ, ಅಲ್ಲಿ ಶಿಲೀಂಧ್ರ ಬೆಳೆದು ಕೆಂಪಗೆ ಉರಿಯುವ ಗಾಯವಾಗುತ್ತದೆ. ಹೆಚ್ಚಿನವರು ಅದನ್ನು ವೈದ್ಯರಿಗೂ ತೋರಿಸುವುದಿಲ್ಲ. ಗಾಳಿಯಾಡುವ ನೆರಳಲ್ಲಿ ಒಂದು ತಂತಿ ಕಟ್ಟಿ ರಾಜಾರೋಷವಾಗಿ ಒಣಹಾಕಿ. ಮೂರಾದರೂ ಇಟ್ಟುಕೊಂಡು ದಿನಕ್ಕೊಂದು ತೊಡಿ, ಎಳೆ ಮತ್ತೆ ಕುಗ್ಗಲು ಸಮಯ ಸಿಗುತ್ತದೆ.

ಬಿಗಿ ಬ್ರಾದಿಂದ ಕ್ಯಾನ್ಸರ್ ಬರುತ್ತದೆ ಎಂಬ ಭಯವನ್ನೂ ವೈನಿ ಕೇಳಿದ್ದರು. ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದವರು ಮುಟ್ಟು ನಿಂತ ಸುಮಾರು 1,500 ಮಹಿಳೆಯರನ್ನು ವಿಚಾರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಂಡುಬರಲಿಲ್ಲ. ಗಂಟು ಕೈಗೆ ಸಿಕ್ಕರೆ, ಚರ್ಮ ಒಳಕ್ಕೆ ಸೆಳೆದುಕೊಂಡಿದ್ದರೆ ಮಾತ್ರ ಬ್ರಾ ಬದಲಿಸುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಕೈಬೆರಳು ಜೋಮು ಹಿಡಿಯುತ್ತಿದ್ದರೂ ಅಷ್ಟೇ.

ಹೊಸದನ್ನು ತೊಟ್ಟುಕೊಂಡು ವೈನಿ ಕನ್ನಡಿ ನೋಡಲಿಲ್ಲ. ಅಡುಗೆಮನೆಗೆ ಹೋಗಿ, ಎರಡೂ ಕೈ ಎತ್ತಿ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ಇಳಿಸಿದರು. ನಾನು ಹಿಂದೆ ನಿಂತು ಬೆನ್ನು ನೋಡುತ್ತಿದ್ದೆ. ಪಟ್ಟಿ ಇದ್ದಲ್ಲೇ ಇತ್ತು. "ಹೆಗಲ ಮ್ಯಾಲ ಏನೂ ಇಲ್ಲದಂಗ ಆಗೇತ್ಯಲ್ಲವಾ" ಅನ್ನುತ್ತ ಭರಣಿಯನ್ನು ಮತ್ತೆ ಮೇಲಿಟ್ಟು, ಮತ್ತೊಮ್ಮೆ ಇಳಿಸಿದರು.