ಹಿಂತಿರುಗಿ ಬಂದವನು ಒಬ್ಬನೇ



ಯೇಸುಸ್ವಾಮಿ ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದರು. ಕೃತಜ್ಞತೆ ಸಲ್ಲಿಸಲು ಹಿಂತಿರುಗಿ ಬಂದವನು ಒಬ್ಬನೇ (ಲೂಕ 17:11-19). ಸಂತೋಷ ಹತ್ತು ಮಂದಿಗೂ ಆಗಿರಬೇಕು. ಆದರೆ ಕೃತಜ್ಞತೆಗೆ ಮನಸ್ಸಿನ ಸಂತೋಷ ಸಾಲದು, ಮರಳಿ ಹೋಗಬೇಕು.

1921ರಲ್ಲಿ ಡಾ. ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ, ಅವರ ಸಾರೋಟನ್ನು ಶಿಷ್ಯರೇ ರೈಲು ನಿಲ್ದಾಣದವರೆಗೆ ಎಳೆದರು. ಅವರ ಜನ್ಮದಿನವಾದ ಸೆಪ್ಟೆಂಬರ್ 5 ನಮಗೆ 1962ರಿಂದ ಶಿಕ್ಷಕರ ದಿನ. ಅಂದೇ ಸಂತ ಮದರ್ ತೆರೇಸಾರ ಹಬ್ಬ; ಅವರೂ ಕಲ್ಕತ್ತದಲ್ಲಿ ಶಿಕ್ಷಕಿಯಾಗಿದ್ದವರು.

ಗುತ್ತಿಗಾರಿನ ನಮಗೆ ಅಕ್ಷರ ತಿದ್ದಿಸಿದ ಮಾಸ್ಟ್ರು, ಟೀಚರ್ ಈಗ ನಿವೃತ್ತರಾಗಿ ಮನೆಯಲ್ಲಿರಬಹುದು. ಸನ್ಮಾನ ಸಮಾರಂಭಕ್ಕೆ ಕಾಯುವುದು ಬೇಡ. ಬರುವ ಭಾನುವಾರ ಬಲಿಪೂಜೆ ಮುಗಿಸಿ, ಮಕ್ಕಳೊಂದಿಗೆ ಅವರ ಮನೆಗೆ ಹೋಗೋಣ. ಅವರಿಂದ ನಮಗಾದ ಒಳಿತನ್ನು ಬಾಯ್ತುಂಬಾ ಹೇಳೋಣ. ಅವರು ತೀರಿಹೋಗಿದ್ದರೆ ಬಲಿಪೂಜೆಯಲ್ಲಿ ಹೆಸರು ಹೇಳಿ ಪ್ರಾರ್ಥಿಸೋಣ.