ವಸಡಿನ ರಕ್ತ ಹೇಳುವ ಮಾತು

ಹಲ್ಲುಜ್ಜುವಾಗ ರಕ್ತ ಕಂಡರೆ ‘ಬ್ರಷ್ ತಾಗಿರಬೇಕು’ ಎಂದು ಸುಮ್ಮನಾಗುವವರೇ ಹೆಚ್ಚು. ನೋವಿಲ್ಲದ ಕಾರಣ ದಂತವೈದ್ಯರ ನೆನಪೂ ಆಗುವುದಿಲ್ಲ. ಆದರೆ ಆ ರಕ್ತ ಬಹುಮಟ್ಟಿಗೆ ವಸಡಿನ ಉರಿಯೂತದ ಮೊದಲ ಸೂಚನೆ.

ಹಲ್ಲಿನ ಬುಡದಲ್ಲಿ ಕೂಡುವ ಅಂಟುಪದರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅವುಗಳನ್ನು ಎದುರಿಸಲು ಬರುವ ಬಿಳಿ ರಕ್ತಕಣಗಳು ಕೆಲವು ಕಿಣ್ವಗಳನ್ನು, ಅಂದರೆ ಎಂಜೈಮ್‌ಗಳನ್ನು ಸುರಿಸುತ್ತವೆ. ಇವುಗಳಲ್ಲಿ ಕೊಲಾಜಿನೇಸ್ ಮುಖ್ಯವಾದುದು. ಹಲ್ಲನ್ನು ಎಲುಬಿಗೆ ಬಿಗಿದಿರುವುದು ಕೊಲಾಜೆನ್ ನಾರುಗಳು. ಕೊಲಾಜಿನೇಸ್ ಅವನ್ನೇ ಕತ್ತರಿಸುತ್ತದೆ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲದಲ್ಲಿ ಇಂಥದೇ ಕಿಣ್ವ ಕೆಲಸಮಾಡುವುದನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಕಂಡುಹಿಡಿದರು.

ಈ ಕಿಣ್ವ ನಮ್ಮ ಶತ್ರುವಲ್ಲ. ಹಳೆಯ ಅಂಗಾಂಶ ತೆಗೆದು ಹೊಸದಕ್ಕೆ ಎಡೆಮಾಡಲು ಅದು ಬೇಕು. ದೇಹದಲ್ಲಿ ಅದಕ್ಕೆ ಕಡಿವಾಣವೂ ಇದೆ. ಆದರೆ ಕೊಳೆ ಉಳಿದಷ್ಟು ದಿನವೂ ಉರಿಯೂತ ಮುಂದುವರಿದು ಕಡಿವಾಣ ಸಡಿಲವಾಗುತ್ತದೆ. ನಾರು ಹರಿದು, ಎಲುಬು ಸವೆದು, ಕೊನೆಗೆ ಹಲ್ಲು ಅಲುಗಾಡುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೂ ತಂಬಾಕು ಬಳಸುವವರಿಗೂ ಅಪಾಯ ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ರೋಗ ಮರೆಯಲ್ಲೇ ಬೆಳೆಯುತ್ತದೆ.

ಉರಿಯೂತ ವಸಡಿನಲ್ಲಷ್ಟೇ ಇರುವಾಗ ಶುಚಿಗೊಳಿಸಿದರೆ ಪೂರ್ತಿ ವಾಸಿಯಾಗುತ್ತದೆ. ಸವೆದ ಎಲುಬು ಮಾತ್ರ ತಾನಾಗಿ ಮರಳದು. ಆಗ ಬೇರಿನವರೆಗೆ ಶುಚಿಗೊಳಿಸಬೇಕು. ಜೊತೆಗೆ ಕೆಲವರಿಗೆ ವೈದ್ಯರು 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅಷ್ಟು ಕಡಿಮೆ ಪ್ರಮಾಣ ರೋಗಾಣು ಕೊಲ್ಲಲು ಅಲ್ಲ, ಕಿಣ್ವವನ್ನು ತಡೆಯಲು. ತಾವಾಗಿ ಅದನ್ನು ನುಂಗಬಾರದು.

ರಕ್ತ ಬಂತೆಂದು ಹಲ್ಲುಜ್ಜುವುದನ್ನು ಬಿಡಬೇಡಿ. ಮೃದುವಾದ ಬ್ರಷ್‌ನಿಂದ ದಿನಕ್ಕೆ ಎರಡು ಬಾರಿ ಉಜ್ಜಿ, ಹಲ್ಲುಗಳ ಸಂದನ್ನೂ ಶುಚಿಮಾಡಿ. ರಕ್ತ ನಿಲ್ಲದಿದ್ದರೆ ಹಲ್ಲು ಅಲುಗಾಡುವ ಮುನ್ನವೇ ದಂತವೈದ್ಯರನ್ನು ಕಾಣಿರಿ.